ಹ್ಯಾಂಗ್ ಗ್ಲೈಡರ್ ಲಾಂಚ್: ಓಟ ಸರಿ ಮಾಡಿಕೊಳ್ಳುವುದು, ತಪ್ಪನ್ನು ಸರಿಯಾದ ಜಾಗದಲ್ಲಿ ಹುಡುಕುವುದು

ಹ್ಯಾಂಗ್ ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ದೊಡ್ಡ ರೆಕ್ಕೆ, ಪೈಲಟ್ ಅದರ ಕೆಳಗೆ ಜೋತುಕೊಂಡು ಹಾರುತ್ತಾರೆ. ಬೆಟ್ಟದ ಅಂಚಿಗೆ ಹೋಗಿ ಧೈರ್ಯ ಮಾಡಿ ಜಿಗಿದುಬಿಡುವುದೇ ಅದರ ಲಾಂಚ್, ಅಂದರೆ ನೆಲ ಬಿಟ್ಟು ಏಳುವುದು, ಅಂತ ನೋಡುವವರು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ. ಕಲಿಯುವವರ ತಲೆಯಲ್ಲೂ ಇದೇ ಚಿತ್ರ ಕೂತುಬಿಟ್ಟರೆ ಮಾತ್ರ ತೊಂದರೆ. ಜಿಗಿದ ಕ್ಷಣ ನಿಮ್ಮನ್ನು ರೆಕ್ಕೆಗೆ ತೂಗುಹಾಕುವ ಹಾರ್ನೆಸ್ಸಿನ ಪಟ್ಟಿ ಸಡಿಲವಾಗುತ್ತದೆ, ಮರುಕ್ಷಣವೇ ನಿಮ್ಮ ಪೂರ್ತಿ ತೂಕ ಇನ್ನೂ ವೇಗ ಸಿಗದ ರೆಕ್ಕೆಯ ಮೇಲೆ ಧಡಕ್ಕನೆ ಬೀಳುತ್ತದೆ, ಪಾಪ ಆ ರೆಕ್ಕೆ ಹೊರಲಾರದೆ ಕುಸಿಯುತ್ತದೆ. ಬೇಕಾಗಿರುವುದು ಓಟ. ರೆಕ್ಕೆ ನಿಮ್ಮನ್ನು ಎತ್ತಿಕೊಂಡ ಮೇಲೂ ಕಾಲು ಇನ್ನೂ ಎರಡು ಹೆಜ್ಜೆ ಗಾಳಿಯಲ್ಲೇ ಹಾಕುತ್ತಿರಬೇಕು, ಅಂಥ ಓಟ.

ಇದನ್ನು ಓದಿಕೊಂಡು ಒಬ್ಬರೇ ಬೆಟ್ಟ ಹತ್ತಬೇಡಿ. ಇನ್‌ಸ್ಟ್ರಕ್ಟರ್ ಜೊತೆ ಸಣ್ಣ ಇಳಿಜಾರಿನಲ್ಲಿ ಕಲಿಯುತ್ತಿರುವವರಿಗೆ, ಇಲ್ಲವೇ ಈಗಾಗಲೇ ಹಾರುತ್ತಿದ್ದು ‘ನನ್ನ ಲಾಂಚ್ ಯಾಕೋ ಒಂದೊಂದು ಸಲ ಒಂದೊಂದು ಥರ’ ಅನ್ನುವವರಿಗೆ ಇದು.

ಮೊದಲು ಸ್ವಲ್ಪ ಲೆಕ್ಕ

ಗ್ಲೈಡರ್ 25 ಕೆ.ಜಿ. ಇದೆ ಅಂತ ಇಟ್ಟುಕೊಳ್ಳಿ. ನೀವು, ಹಾರ್ನೆಸ್ಸು, ಹೆಲ್ಮೆಟ್ಟು, ಪ್ಯಾರಾಚೂಟು ಎಲ್ಲ ಸೇರಿ 85 ಕೆ.ಜಿ. ಒಟ್ಟು 110. ಕಲಿಯುವವರ ಗ್ಲೈಡರ್ ಇಷ್ಟನ್ನು ಹೊರಬೇಕಾದರೆ ರೆಕ್ಕೆಯ ಮೇಲೆ ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ಗಾಳಿ ಹರಿಯಬೇಕು ಅನ್ನೋಣ. ಎತ್ತುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ಅರ್ಧ ವೇಗ ಬಂದಾಗ ಸಿಗುವುದು ಕಾಲು ಭಾಗ ಬಲ, ಸುಮಾರು 27 ಕೆ.ಜಿ. ಅಷ್ಟು ಬಲಕ್ಕೆ ಗ್ಲೈಡರ್ ತನ್ನ ತೂಕವನ್ನು ತಾನು ಹೊತ್ತುಕೊಂಡು ನಿಮ್ಮ ಭುಜದಿಂದ ಮೇಲೇಳುತ್ತದೆ, ಅಷ್ಟೇ. ನಿಮ್ಮನ್ನು ಎತ್ತಲು ಅದಕ್ಕೆ ಇನ್ನೂ ಶಕ್ತಿ ಬಂದಿಲ್ಲ.

ಹೊಸಬರು ಮೋಸ ಹೋಗುವುದು ಸರಿಯಾಗಿ ಇಲ್ಲೇ. ಭುಜದ ಮೇಲಿನ ಭಾರ ಹೋಯಿತು, ‘ಹಾ, ಹಾರ್ತಾ ಇದೀನಿ’ ಅನ್ನಿಸಿತು, ಓಟ ನಿಂತಿತು. ಆದರೆ ನಿಜವಾದ ಓಟ ಶುರುವಾಗಬೇಕಾದದ್ದೇ ಆಗ. ಉಳಿದ ಮುಕ್ಕಾಲು ಭಾಗ ಬಲ ಕೊನೆಯ ನಾಲ್ಕಾರು ಹೆಜ್ಜೆಗಳಲ್ಲಿ ಸಿಗುತ್ತದೆ, ಅದೂ ನೀವು ವೇಗ ಹೆಚ್ಚಿಸುತ್ತಲೇ ಹೋದರೆ ಮಾತ್ರ.

ಎದುರಿನಿಂದ 12 ಕಿ.ಮೀ. ಗಾಳಿ ಇದ್ದರೆ ನೀವು ಓಡಿ ಸಂಪಾದಿಸಬೇಕಾದದ್ದು ಉಳಿದ 13 ಮಾತ್ರ. ಗಾಳಿಯೇ ಇಲ್ಲದಿದ್ದರೆ ಪೂರ್ತಿ 25 ನಿಮ್ಮ ಕಾಲಿನದ್ದೇ, ಇಳಿಜಾರು ಚೆನ್ನಾಗಿದ್ದರೆ ಸ್ವಲ್ಪ ಸಹಾಯ. ಹಿಂದಿನಿಂದ 5 ಬೀಸುತ್ತಿದ್ದರೆ ನೆಲದ ಮೇಲೆ 30 ಓಡಬೇಕು, ಅದೂ ರೆಕ್ಕೆ ಹೊತ್ತುಕೊಂಡು. ಆಗಲ್ಲ. ಆದ್ದರಿಂದ ಹಿಂಗಾಳಿಯಲ್ಲಿ ಲಾಂಚ್ ಇಲ್ಲ, ಚರ್ಚೆಯೂ ಇಲ್ಲ. ಇನ್ನೊಂದು ವಿಷಯ, ಎತ್ತರದ ಜಾಗಗಳಲ್ಲಿ ಗಾಳಿ ತೆಳು. ಸಮುದ್ರ ಮಟ್ಟದಿಂದ 3,000 ಮೀಟರ್ ಮೇಲೆ ಅದರ ಸಾಂದ್ರತೆ ಕೆಳಗಿನದರ ಮುಕ್ಕಾಲು ಭಾಗದಷ್ಟೇ ಇರುತ್ತದೆ, ಅದಕ್ಕೇ ಅದೇ ಗ್ಲೈಡರ್ ಅಲ್ಲಿ ಏಳಲು ಸುಮಾರು ಶೇಕಡಾ 16ರಷ್ಟು ಜಾಸ್ತಿ ವೇಗ ಕೇಳುತ್ತದೆ. ಕೆಳಗಿನ ಬೆಟ್ಟದಲ್ಲಿ ಸಾಕಾಗುತ್ತಿದ್ದ ಓಟ ಅಲ್ಲಿ ಸಾಕಾಗುವುದಿಲ್ಲ.

ಹುಕ್ ಆಗಿದೆಯಾ?

ಹಾರ್ನೆಸ್ಸನ್ನು ಗ್ಲೈಡರಿಗೆ ಹುಕ್ ಮಾಡಿಕೊಳ್ಳದೆ ಓಡಿದವರಲ್ಲಿ ಹೊಸಬರಷ್ಟೇ ಅಲ್ಲ, ಎಷ್ಟೋ ವರ್ಷ ಹಾರಿದವರೂ ಇದ್ದಾರೆ. 2018ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಟ್ಯಾಂಡಮ್ (ಒಂದೇ ಗ್ಲೈಡರಿನಲ್ಲಿ ಇಬ್ಬರ) ಹಾರಾಟಕ್ಕೆ ಹೋದ ಪ್ರಯಾಣಿಕರೊಬ್ಬರನ್ನು ಪೈಲಟ್ ಗ್ಲೈಡರಿಗೆ ಸಿಕ್ಕಿಸುವುದನ್ನೇ ಮರೆತರು. ಆ ಮನುಷ್ಯ ಎರಡು ನಿಮಿಷಕ್ಕೂ ಜಾಸ್ತಿ ಹೊತ್ತು ಕೈಯಲ್ಲೇ ಜೋತಾಡಿಕೊಂಡು ನೆಲ ತಲುಪಿದರು. ಮಣಿಕಟ್ಟು ಮುರಿದಿತ್ತು, ತೋಳಿನ ಸ್ನಾಯು ಹರಿದಿತ್ತು, ಜೀವ ಉಳಿದಿತ್ತು. ಆ ವಿಡಿಯೋ ನೋಡಿದವರೆಲ್ಲ ‘ಅಷ್ಟೂ ಗೊತ್ತಾಗಲ್ವಾ’ ಅಂತ ಕೇಳುತ್ತಾರೆ. ಗೊತ್ತಾಗುವುದಿಲ್ಲ. ಹಾರ್ನೆಸ್ ಮೈಮೇಲೆ ಇದ್ದರೆ ಎಲ್ಲ ಸರಿಯಾಗಿದೆ ಅಂತಲೇ ಮೈಗೆ ಅನ್ನಿಸುತ್ತಿರುತ್ತದೆ.

ಎರಡು ಪರೀಕ್ಷೆಗಳಿವೆ, ಎರಡೂ ಬೇರೆ ಬೇರೆ. ಒಂದು ಹ್ಯಾಂಗ್ ಚೆಕ್. ಯಾರಾದರೂ ಗ್ಲೈಡರಿನ ಮೂಗಿನ (ಮುಂದಿನ ತುದಿಯ) ತಂತಿ ಹಿಡಿದುಕೊಂಡಿರುವಾಗ ನೀವು ಹಾರ್ನೆಸ್ಸಿನಲ್ಲಿ ಮಲಗಿ ನೋಡುತ್ತೀರಿ. ಕ್ಯಾರಬೈನರ್ (ಹಾರ್ನೆಸ್ಸನ್ನು ಗ್ಲೈಡರಿಗೆ ಸಿಕ್ಕಿಸುವ ಕೊಂಡಿ) ಲಾಕ್ ಆಗಿದೆಯಾ, ಮುಖ್ಯ ಪಟ್ಟಿಯ ಜೊತೆ ಬ್ಯಾಕಪ್ ಪಟ್ಟಿಯೂ ಅದರೊಳಗೆ ಬಂದಿದೆಯಾ, ಪಟ್ಟಿ ತಿರುಚಿಕೊಂಡಿಲ್ಲ ಅಲ್ವಾ, ಬೇಸ್ ಬಾರಿಗೂ (ಹಾರುವಾಗ ಕೈಯಲ್ಲಿ ಹಿಡಿಯುವ ಅಡ್ಡ ಕೊಳವೆ) ಎದೆಗೂ ಸರಿಯಾದ ಅಂತರ ಇದೆಯಾ, ತೊಡೆ ಸುತ್ತ ಬರುವ ಪಟ್ಟಿಯಲ್ಲಿ, ಅಂದರೆ ಲೆಗ್ ಲೂಪಿನಲ್ಲಿ, ಕಾಲು ಇದೆಯಾ. ಆದರೆ ಇದನ್ನು ಮಾಡಿ ಹತ್ತು ನಿಮಿಷ ಗಾಳಿಗೆ ಕಾಯುತ್ತೀರಿ, ಬಿಸಿಲು, ಬೆವರು, ರೇಡಿಯೋ ಕೆಲಸ ಮಾಡುತ್ತಿಲ್ಲ, ಕ್ಯಾರಬೈನರ್ ಬಿಚ್ಚಿ ಹೊರಗೆ ಬಂದು ಅದನ್ನು ಸರಿ ಮಾಡುತ್ತೀರಿ, ಅಷ್ಟರಲ್ಲಿ ‘ಗಾಳಿ ಬಂತು ಬಾ ಬಾ’ ಅಂತ ಯಾರೋ ಕೂಗುತ್ತಾರೆ. ಹ್ಯಾಂಗ್ ಚೆಕ್ ಮಾಡಿದ ನೆನಪು ತಲೆಯಲ್ಲಿ ಗಟ್ಟಿಯಾಗಿದೆ. ಆ ನೆನಪೇ ಕೊಲ್ಲುವುದು.

ಅದಕ್ಕೇ ಎರಡನೆಯದು ಬೇಕು. ಓಡುವ ಮುಂಚಿನ ಕೊನೆಯ ಕ್ಷಣಗಳಲ್ಲಿ ಗ್ಲೈಡರನ್ನು ಮೇಲಕ್ಕೆ ಎತ್ತಿ, ಪಟ್ಟಿ ಬಿಗಿಯಾಗಿ ಲೆಗ್ ಲೂಪ್ ತೊಡೆಸಂದಿಯನ್ನು ಎಳೆಯುವುದು ಅನುಭವಕ್ಕೆ ಬರಬೇಕು. ಎಳೆತ ಸಿಕ್ಕಿದರೆ ಹುಕ್ಕೂ ಇದೆ, ಕಾಲೂ ಲೂಪಿನಲ್ಲಿದೆ, ಒಂದೇ ಏಟಿಗೆ ಎರಡೂ ಗೊತ್ತಾಯಿತು. ಎಳೆತ ಸಿಗದಿದ್ದರೆ ಓಟ ಇಲ್ಲ. ಎಳೆದು ನೋಡಿದ ಮೇಲೆ ಗಾಳಿ ಕೆಟ್ಟು ಮತ್ತೆ ಅರ್ಧ ನಿಮಿಷ ಕಾದಿರಾ, ಮತ್ತೆ ಎಳೆದು ನೋಡಿ. ಗಾಳಿ ಇಲ್ಲದ ದಿನ ಭಾರದ ಗ್ಲೈಡರನ್ನು ಅಷ್ಟು ಮೇಲೆತ್ತುವುದು ಕೆಲವರಿಗೆ ಕಷ್ಟ, ಆಗ ಪಕ್ಕದವರಿಂದ ಎತ್ತಿಸಿಕೊಳ್ಳಿ. ಅಮೆರಿಕದ ಹ್ಯಾಂಗ್ ಗ್ಲೈಡಿಂಗ್ ಸಂಘದ ಅರ್ಹತಾ ನಿಯಮಗಳಲ್ಲೂ ಪ್ರತಿ ಹಾರಾಟದಲ್ಲಿ ಲಾಂಚಿಗೆ ಸ್ವಲ್ಪವೇ ಮುಂಚೆ ಹುಕ್ ಆಗಿರುವುದನ್ನು ಖಚಿತಪಡಿಸಿಕೊಳ್ಳಬೇಕು ಅಂತಲೇ ಇದೆ. ಇನ್ನು ಕೆಲವರು ಹಾರ್ನೆಸ್ಸನ್ನು ಮೊದಲೇ ಗ್ಲೈಡರಿಗೆ ಸಿಕ್ಕಿಸಿಟ್ಟು ಆಮೇಲೆ ಅದರೊಳಗೆ ತೂರಿಕೊಳ್ಳುತ್ತಾರೆ, ಇದಕ್ಕೆ ಆಸ್ಟ್ರೇಲಿಯಾ ಪದ್ಧತಿ ಅಂತಾರೆ. ಒಳ್ಳೆಯ ಪದ್ಧತಿಯೇ. ಆದರೂ ಲೆಗ್ ಲೂಪ್ ಮರೆಯುವ ಸಾಧ್ಯತೆ ಅಲ್ಲೂ ಇದೆ, ಹಾಗಾಗಿ ಎಳೆದು ನೋಡುವುದನ್ನು ಬಿಡಬೇಡಿ.

ಗ್ಲೈಡರನ್ನು ಜೋಡಿಸಿದ ಮೇಲಿನ ತಪಾಸಣೆಗೆ ಒಂದೇ ಮಾತು. ಮೂಗಿನಿಂದ ಶುರು ಮಾಡಿ ಸುತ್ತು ಬನ್ನಿ, ಪ್ರತಿ ಸಲ ಅದೇ ಕ್ರಮ, ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ಮತ್ತೆ ಮೂಗಿನಿಂದಲೇ.

ಗಾಳಿ ನೋಡುವುದು

ಲಾಂಚ್ ಜಾಗದ ರಿಬ್ಬನ್ ಒಂದನ್ನೇ ನೋಡಿ ಓಡುವವರು ಜಾಸ್ತಿ. ಅದು ಹೇಳುವುದು ಅದಿರುವ ಜಾಗದ, ಆ ಕ್ಷಣದ ಗಾಳಿಯನ್ನು ಮಾತ್ರ. ಕೆಳಗಿನ ಮರದ ತುದಿ, ಹುಲ್ಲು, ಬಲಕ್ಕೆ ಎಡಕ್ಕೆ ಕಟ್ಟಿದ ರಿಬ್ಬನ್ನು, ಎಲ್ಲವೂ ಒಂದೇ ಮಾತು ಹೇಳುತ್ತಿವೆಯಾ ನೋಡಿ. ಒಂದು ಹತ್ತು ನಿಮಿಷ ಸುಮ್ನೆ ನಿಂತು ನೋಡಿದರೆ ಗಾಳಿ ಏರುವುದು, ಇಳಿಯುವುದು, ಮತ್ತೆ ಏರುವುದು, ಆ ಲಯ ಗೊತ್ತಾಗುತ್ತದೆ. ಓಟ ಶುರುವಾಗಬೇಕಾದದ್ದು ಗಾಳಿ ನಿಧಾನವಾಗಿ ಏರುತ್ತಿರುವಾಗ. ಜೋರಾಗಿ ಬೀಸಿ ಮುಗಿಯುತ್ತಿರುವಾಗ ಓಡಿದರೆ ನೀವು ಅಂಚು ತಲುಪುವ ಹೊತ್ತಿಗೆ ಗಾಳಿ ಸತ್ತಿರುತ್ತದೆ.

ಹೊಸಬರಿಗೆ ಇಳಿಜಾರಿನ ನೇರ ಎದುರಿನಿಂದ, 10ರಿಂದ 20 ಕಿ.ಮೀ. ಒಳಗೆ, ನಯವಾಗಿ ಬೀಸುವ ಗಾಳಿ ಚೆನ್ನ. ಕಡಿಮೆ ಎಂದರೆ 12, ಜಾಸ್ತಿ ಎಂದರೆ 16 ಇದ್ದರೆ ಸುಖ. ಕಡಿಮೆ 8, ಜಾಸ್ತಿ 28 ಇದ್ದರೆ ಸರಾಸರಿ 18 ತಾನೇ ಅಂತ ಲೆಕ್ಕ ಹಾಕಬೇಡಿ, ಗ್ಲೈಡರ್ ಸರಾಸರಿಯಲ್ಲಿ ಹಾರುವುದಿಲ್ಲ.

ಎಲ್ಲಕ್ಕಿಂತ ಮೋಸದ ಗಾಳಿ ಇನ್ನೊಂದಿದೆ. ಬಿಸಿಲಿಗೆ ಕಾದ ಇಳಿಜಾರಿನಿಂದ ಬಿಸಿಗಾಳಿ ಮೇಲೇಳುವಾಗ ರಿಬ್ಬನ್ ಚೆನ್ನಾಗಿ ಎದುರುಗಾಳಿ ತೋರಿಸುತ್ತದೆ, ಐದು ನಿಮಿಷ ಬಿಟ್ಟು ಸತ್ತು ಬೀಳುತ್ತದೆ, ಆಮೇಲೆ ಬೆಟ್ಟದ ಹಿಂದಿನಿಂದ ಒಂದು ಸಲ ಊದುತ್ತದೆ. ಹಾಗಾದರೆ ನಿಜವಾದ ಗಾಳಿ ಬೆಟ್ಟದ ಬೆನ್ನಿನ ಕಡೆಯಿಂದಲೇ ಬರುತ್ತಿರಬಹುದು, ನೀವು ನಿಂತಿರುವುದು ಅದರ ಮರೆಯಲ್ಲಿ. ಮುಂದೆ ಸುಳಿಗಾಳಿ ಕಾಯುತ್ತಿರುತ್ತದೆ. ರೆಕ್ಕೆ ಮಡಚಿ ಮನೆಗೆ ಹೋಗಬೇಕಾದ ದಿನ ಅದು.

ಎದುರುಗಾಳಿಯೇ ಬೇಕು ಅನ್ನುವ ವಿಷಯದಲ್ಲಿ ಗ್ಲೈಡರ್ ಹಾರಾಟ ಶುರು ಮಾಡಿದವರಲ್ಲಿ ಒಬ್ಬರಾದ ಜರ್ಮನಿಯ ಓಟೊ ಲಿಲಿಯೆಂಥಾಲ್ ಎಷ್ಟು ಹಟ ಹಿಡಿದಿದ್ದರು ನೋಡಿ. 1894ರಲ್ಲಿ ಬರ್ಲಿನ್ ಹತ್ತಿರ 15 ಮೀಟರ್ ಎತ್ತರದ ಗುಂಡನೆಯ ಗುಡ್ಡವನ್ನೇ ಕಟ್ಟಿಸಿಕೊಂಡರು, ಗಾಳಿ ಯಾವ ದಿಕ್ಕಿನಿಂದ ಬಂದರೂ ಅದಕ್ಕೆ ಎದುರಾಗಿ ಓಡಲಿಕ್ಕೆ. ನಮಗೆ ಗುಡ್ಡ ಕಟ್ಟಿಸುವುದು ಆಗದು, ಕಾಯುವುದು ಆಗುತ್ತದೆ.

ನಿಲುವು ಮತ್ತು ಓಟ

ಗ್ಲೈಡರ್ ಭುಜದ ಮೇಲೆ, ಕೈ ರೆಕ್ಕೆಯಿಂದ ಬೇಸ್ ಬಾರಿಗೆ ಇಳಿಯುವ ಎರಡು ಕೊಳವೆಗಳ, ಅಂದರೆ ಡೌನ್‌ಟ್ಯೂಬ್ ಮೇಲೆ. ಹಿಡಿತ ಸಡಿಲ. ಗಟ್ಟಿಯಾಗಿ ಹಿಡಿದರೆ ಓಡುವಾಗ ನಿಮ್ಮ ತೋಳಿನ ಪ್ರತಿ ಕುಲುಕಾಟವೂ ರೆಕ್ಕೆಗೆ ಹೋಗುತ್ತದೆ. ರೆಕ್ಕೆ ಎರಡೂ ಕಡೆ ಸಮವಾಗಿರಬೇಕು. ಒಂದು ಕಡೆ ಎದ್ದಿದ್ದರೆ, ‘ಓಡುತ್ತಾ ಸರಿ ಮಾಡ್ತೀನಿ’ ಅನ್ನುವ ಯೋಚನೆ ಬಂದರೆ, ಅಲ್ಲಿಗೇ ನಿಲ್ಲಿ.

ಮೂಗಿನ ಕೋನ ಅಳೆಯಬೇಕಾದದ್ದು ದಿಗಂತದಿಂದ ಅಲ್ಲ, ಇಳಿಜಾರಿನಿಂದ. ನೆಲದ ಹತ್ತಿರ ಗಾಳಿ ಇಳಿಜಾರನ್ನೇ ಸವರಿಕೊಂಡು ಮೇಲೆ ಬರುತ್ತದೆ. ಆದ್ದರಿಂದ ಇಳಿಜಾರು ಕಡಿದಾದಷ್ಟೂ ಮೂಗು ಕೆಳಗೆ ಇಳಿಯಬೇಕು. ಚಪ್ಪಟೆ ಇಳಿಜಾರಿನಲ್ಲಿ ಕಲಿತವರು ಕಡಿದಾದ ಜಾಗಕ್ಕೆ ಹೋದಾಗ ಹಳೆಯ ಕೋನವನ್ನೇ ಹಿಡಿದು ನಿಲ್ಲುತ್ತಾರೆ, ಅವರ ಕಣ್ಣಿಗೆ ಅದು ಸರಿಯಾಗೇ ಕಾಣುತ್ತದೆ, ಗಾಳಿಗೆ ಮಾತ್ರ ಅದು ಮೂಗೆತ್ತಿದ ರೆಕ್ಕೆ. ಮೂಗು ಜಾಸ್ತಿ ಎದ್ದಿದ್ದರೆ ಗ್ಲೈಡರ್ ಬೇಗ ಎತ್ತುತ್ತದೆ, ಜೊತೆಗೆ ನಿಮ್ಮ ಓಟವನ್ನು ಹಿಂದಕ್ಕೆ ಎಳೆಯುತ್ತದೆ, ಪೂರ್ತಿ ವೇಗ ಸಿಗುವ ಮುಂಚೆಯೇ ನೆಲ ಬಿಡಿಸಿ ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ, ಒಂದು ರೆಕ್ಕೆ ಬಿದ್ದು ಬೆಟ್ಟದ ಕಡೆಗೇ ತಿರುಗುತ್ತದೆ. ಮೂಗು ತೀರಾ ಕೆಳಗಿದ್ದರೆ ಗ್ಲೈಡರ್ ಏಳುವುದೇ ಇಲ್ಲ, ನಿಮ್ಮ ಮುಂದೆ ಧಾವಿಸಿ ಮೂಗು ನೆಲಕ್ಕೆ ಹೊಡೆಯುತ್ತದೆ.

ಕಣ್ಣು ದೂರದ ಒಂದು ಗುರುತಿನ ಮೇಲೆ. ಕಾಲು ನೋಡಿದರೆ ತಲೆ ಬಗ್ಗುತ್ತದೆ, ರೆಕ್ಕೆ ಓರೆಯಾದದ್ದೂ ಗೊತ್ತಾಗುವುದಿಲ್ಲ.

ಓಟ ನಡಿಗೆಯಿಂದ ಶುರುವಾಗಲಿ. ಒಂದೆರಡು ಗಟ್ಟಿ ಹೆಜ್ಜೆ, ಆಮೇಲೆ ಉದ್ದ ಹೆಜ್ಜೆ, ಆಮೇಲೆ ಕೈಲಾದಷ್ಟು ಜೋರು. ಮೊದಲ ಹೆಜ್ಜೆಯೇ ನೆಗೆತ ಆದರೆ ಗ್ಲೈಡರಿನ ಮೂಗು ಹಿಂದಕ್ಕೆ ವಾಲುತ್ತದೆ. ಎದೆ ಮುಂದಕ್ಕೆ ಬಾಗಿರಲಿ, ಗ್ಲೈಡರನ್ನು ಎಳೆಯುವುದು ಸೊಂಟ, ಕೈ ಅಲ್ಲ. ಗಾಡಿ ಎಳೆಯುವ ಎತ್ತಿನ ಥರ, ಬಲ ಎಲ್ಲ ನೊಗದಲ್ಲಿ. ಗ್ಲೈಡರ್ ಭುಜ ಬಿಟ್ಟು ಎದ್ದಾಗ ಅಂಗೈ ಡೌನ್‌ಟ್ಯೂಬ್ ಮೇಲೆ ತಾನಾಗಿ ಜಾರಲಿ. ಪಟ್ಟಿ ಬಿಗಿಯಾಗುತ್ತಿದ್ದ ಹಾಗೆ ಆ ಕೊಳವೆಗಳನ್ನು ಸ್ವಲ್ಪ ನಿಮ್ಮ ಕಡೆಗೆ ಎಳೆದುಕೊಳ್ಳಿ, ಓಡುತ್ತಲೇ ಇರಿ.

ಈ ಕ್ಷಣದಲ್ಲೇ ಕೈ ಮುಂದಕ್ಕೆ ತಳ್ಳುವ ಆಸೆ ಬರುವುದು. ನೆಲದಿಂದ ಬೇಗ ದೂರ ಹೋಗಬೇಕು ಅಂತ ಮನಸ್ಸು ಹೇಳುತ್ತದೆ, ತಳ್ಳಿದರೆ ಗ್ಲೈಡರೂ ಒಂದು ಮೀಟರ್ ಮೇಲೆ ಹೋಗಿ ಬಹುಮಾನ ಕೊಡುತ್ತದೆ. ವೇಗ ಖರ್ಚಾಗಿರುತ್ತದೆ. ಆಮೇಲೆ ಮೇಲೂ ಇಲ್ಲ, ಕೆಳಗೂ ಇಲ್ಲ.

ಓಡುವಾಗ ಒಂದು ರೆಕ್ಕೆ ಎದ್ದರೆ ಕೈಯಿಂದ ಅದನ್ನು ಕೆಳಗೆ ಎಳೆಯಲು ಹೋಗಬೇಡಿ, ಮೈ ತಿರುಚಿಕೊಳ್ಳುತ್ತದೆ ಅಷ್ಟೇ, ತೂಕ ಇದ್ದಲ್ಲೇ ಇರುತ್ತದೆ. ಎದ್ದ ರೆಕ್ಕೆಯ ಕಡೆಗೆ ಓಡಿ. ಬಲ ರೆಕ್ಕೆ ಎದ್ದರೆ ಬಲಕ್ಕೆ. ಸೊಂಟ ಅದರ ಕೆಳಗೆ ಹೋದರೆ ರೆಕ್ಕೆ ಇಳಿಯುತ್ತದೆ.

ನಿಲ್ಲಿಸುವುದು ಎಲ್ಲಿ ಅಂತ ಓಡುವ ಮುಂಚೆಯೇ ಗೊತ್ತು ಮಾಡಿಕೊಂಡಿರಬೇಕು. ನೆಲದ ಮೇಲೆ ಒಂದು ಕಲ್ಲು ಗುರುತು ಇಟ್ಟುಕೊಳ್ಳಿ. ಅಷ್ಟರೊಳಗೆ ಕಾಲು ಎಡವಿದರೆ, ರೆಕ್ಕೆ ಓರೆಯಾಗಿ ಸರಿ ಹೋಗದಿದ್ದರೆ, ಗ್ಲೈಡರ್ ಭುಜವನ್ನೇ ಬಿಡದಿದ್ದರೆ, ಮೂಗು ಎತ್ತಿ ನಿಂತುಬಿಡಿ. ಅದು ದಾಟಿ ರೆಕ್ಕೆ ನಿಮ್ಮನ್ನು ಎತ್ತಲು ಶುರು ಮಾಡಿದ ಮೇಲೆ ಅನುಮಾನಕ್ಕೆ ಜಾಗ ಇಲ್ಲ, ಪೂರ್ತಿ ಓಡಿ. ಅರ್ಧ ಮನಸ್ಸಿನ ಓಟ ಎರಡೂ ಕಡೆ ಕೆಟ್ಟದ್ದು. ಕಡಿದಾದ ಬಂಡೆಯ ಅಂಚಿನಲ್ಲಿ ನಿಲ್ಲಿಸುವ ಜಾಗವೇ ಇರುವುದಿಲ್ಲ. ಅಲ್ಲಿ ತಂತಿ ಹಿಡಿಯುವವರು ಬೇಕು, ಅವರ ಜೊತೆ ಮಾತು ಮೊದಲೇ ಆಗಿರಬೇಕು. ‘ಗೋ’, ‘ನೋ’ ಎರಡನ್ನೂ ಇಟ್ಟುಕೊಳ್ಳಬೇಡಿ, ಜೋರು ಗಾಳಿಯಲ್ಲಿ ಎರಡೂ ಒಂದೇ ಥರ ಕೇಳುತ್ತವೆ. ‘ಬಿಡಿ’ ಅನ್ನುವ ಒಂದೇ ಮಾತು, ಅದನ್ನು ಹೇಳುವವರು ಪೈಲಟ್ ಒಬ್ಬರೇ.

ನೆಲ ಬಿಟ್ಟ ಮೇಲೆ ಏನೂ ಮಾಡಬೇಡಿ. ನಿಜವಾಗಿ. ಕೈ ಡೌನ್‌ಟ್ಯೂಬ್ ಮೇಲೇ ಇರಲಿ, ವೇಗ ಇರಲಿ, ಬೆಟ್ಟದಿಂದ ದೂರ ನೇರ ಹೋಗಿ. ಆಮೇಲೆ ಒಂದೊಂದೇ ಕೈ ಬೇಸ್ ಬಾರಿಗೆ. ಹಾರ್ನೆಸ್ಸಿನೊಳಗೆ ಕಾಲು ತೂರಿಸುವುದು, ಜಿಪ್ ಎಳೆಯುವುದು ಎಲ್ಲ ನಿಧಾನಕ್ಕೆ. ಬೆಟ್ಟಕ್ಕೆ ಹತ್ತು ಮೀಟರ್ ದೂರದಲ್ಲಿ ಕಾಲಿಗೆ ಜಿಪ್ ಹುಡುಕುತ್ತಾ ಗ್ಲೈಡರ್ ತಿರುಗುತ್ತಿರುವುದನ್ನು ನೋಡದವರ ಕಥೆಗಳು ಬೇಕಾದಷ್ಟಿವೆ.

ತಪ್ಪನ್ನು ಎಲ್ಲಿ ಹುಡುಕಬೇಕು

ಹಾರಾಟ ಚೆನ್ನಾಗಿ ಆಯಿತು ಅಂದರೆ ಲಾಂಚ್ ಚೆನ್ನಾಗಿತ್ತು ಅಂತ ಅರ್ಥ ಅಲ್ಲ. 20 ಕಿ.ಮೀ. ನಯವಾದ ಎದುರುಗಾಳಿ ಎಂಥ ಸೋಮಾರಿ ಓಟವನ್ನೂ ಮುಚ್ಚಿ ಹಾಕುತ್ತದೆ. ಮೂರು ಹೆಜ್ಜೆ, ಒಂದು ನೆಗೆತ, ಗ್ಲೈಡರ್ ಎತ್ತಿಕೊಂಡು ಹೋಯಿತು, ಎಲ್ಲರೂ ಚಪ್ಪಾಳೆ. ಅದೇ ಮೂರು ಹೆಜ್ಜೆ, ಒಂದು ನೆಗೆತ 5 ಕಿ.ಮೀ. ಗಾಳಿಯಲ್ಲಿ ಪೊದೆಯೊಳಗೆ ಕೊನೆಯಾಗುತ್ತದೆ. ಆಗ ಜನ ‘ಇವತ್ತು ಗಾಳಿ ಕೈಕೊಟ್ಟಿತು’ ಅಂತಾರೆ. ತಪ್ಪು ಹಳೆಯದು, ಬಯಲಾದದ್ದು ಮಾತ್ರ ಇವತ್ತು. ಹಾಗಾಗಿ ಕೆಟ್ಟ ಲಾಂಚನ್ನು ಮಾತ್ರವಲ್ಲ, ಚೆನ್ನಾಗಿ ಆದದ್ದನ್ನೂ ಅಷ್ಟೇ ಕಟುವಾಗಿ ನೋಡಬೇಕು.

ಪಕ್ಕದಿಂದ ವಿಡಿಯೋ ಮಾಡಿಸಿ. ಗ್ಲೈಡರಿನ ಮೇಲೆ ಕಟ್ಟಿದ ಕ್ಯಾಮೆರಾ ನಿಮ್ಮ ಮುಖ ತೋರಿಸುತ್ತದೆ, ಮೂಗಿನ ಕೋನ ತೋರಿಸುವುದಿಲ್ಲ. ವಿಡಿಯೋ ನೋಡುವ ಮುಂಚೆ ನಿಮಗೆ ನೆನಪಿರುವುದನ್ನು ಬರೆದಿಡಿ. ಗಾಳಿ ಎಷ್ಟಿತ್ತು, ಎಷ್ಟು ಹೆಜ್ಜೆ ಓಡಿದೆ, ಕೈ ಯಾವಾಗ ಬದಲಾಯಿಸಿದೆ. ಆಮೇಲೆ ನೋಡಿ. ‘ಕೊನೆವರೆಗೂ ಓಡಿದೆ’ ಅಂತ ಬರೆದಿರುತ್ತೀರಿ, ವಿಡಿಯೋದಲ್ಲಿ ಪಟ್ಟಿ ಬಿಗಿಯಾದ ಕ್ಷಣವೇ ಮೊಣಕಾಲು ಮಡಚಿ ಕೂತಿರುತ್ತದೆ. ಬರೆದದ್ದಕ್ಕೂ ಕಂಡದ್ದಕ್ಕೂ ಇರುವ ಆ ಅಂತರದಲ್ಲೇ ಕಲಿಯುವ ವಿಷಯ ಇರುವುದು. ಮೂರು ಜಾಗದಲ್ಲಿ ವಿಡಿಯೋ ನಿಲ್ಲಿಸಿ ಮೂಗು ನೋಡಿ: ಮೊದಲ ಹೆಜ್ಜೆ, ಗ್ಲೈಡರ್ ಭುಜ ಬಿಟ್ಟ ಕ್ಷಣ, ಕಾಲು ನೆಲ ಬಿಟ್ಟ ಕ್ಷಣ. ಮೊದಲೆರಡು ಚಿತ್ರಗಳ ನಡುವೆ ಮೂಗು ಮೇಲೆ ಹೋಗಿದ್ದರೆ ಉತ್ತರ ಸಿಕ್ಕಿತು.

ಏನಾದರೂ ಕೆಟ್ಟಾಗ ಹಿಂದಕ್ಕೆ ನಡೆಯುತ್ತಾ ಹೋಗಿ. ಉದಾಹರಣೆಗೆ ಎಡ ರೆಕ್ಕೆ ಬಿದ್ದು ತಿರುಗಿತು ಅನ್ನಿ. ಅದಕ್ಕೂ ಮುಂಚೆ? ಮೊದಲ ಹೆಜ್ಜೆಯಲ್ಲೇ ಬಲ ರೆಕ್ಕೆ ಸ್ವಲ್ಪ ಎದ್ದಿತ್ತು. ಅದಕ್ಕೂ ಮುಂಚೆ? ಗಾಳಿ ಸ್ವಲ್ಪ ಬಲಗಡೆಯಿಂದ ಬರುತ್ತಿತ್ತು, ನೋಡಿದ್ದರೂ ಓಡಿದರು. ಯಾಕೆ? ಹಿಂದೆ ಮೂವರು ರೆಕ್ಕೆ ಹೊತ್ತು ಕಾಯುತ್ತಿದ್ದರು, ಮುಜುಗರ. ಅಲ್ಲಿಗೆ ಬಂದಿರಿ. ಈಗ ‘ಎಡ ರೆಕ್ಕೆ ಬಿದ್ದರೆ ಏನು ಮಾಡಬೇಕು’ ಅಂತ ಅಭ್ಯಾಸ ಮಾಡುವುದಕ್ಕಿಂತ ‘ನೀವು ಮುಂದೆ ಹೋಗಿ, ನಾನು ಆಮೇಲೆ’ ಅಂತ ಹೇಳುವುದನ್ನು ಅಭ್ಯಾಸ ಮಾಡುವುದು ಹೆಚ್ಚು ಉಪಯೋಗ. ತಮಾಷೆ ಅಲ್ಲ, ಆ ಮಾತು ಬಾಯಿಗೆ ಸುಲಭವಾಗಿ ಬರುವುದಿಲ್ಲ.

ಬೇರೆಯವರು ತಮ್ಮ ತಪ್ಪು ಹೇಳುವಾಗ ನಗಬೇಡಿ, ಬೈಯಬೇಡಿ. ಬೈಗುಳ ಸಿಕ್ಕವರು ಮುಂದಿನ ಸಲ ಹೇಳುವುದಿಲ್ಲ. ವಿಮಾನಯಾನದಲ್ಲಿ ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಅಮೆರಿಕದಲ್ಲಿ ನಾಸಾ 1976ರಿಂದ ನಡೆಸುತ್ತಿರುವ ಸುರಕ್ಷತಾ ವರದಿ ವ್ಯವಸ್ಥೆಯಲ್ಲಿ ಪೈಲಟ್‌ಗಳು ತಮ್ಮ ತಪ್ಪನ್ನು ತಾವೇ ಬರೆದು ಕಳಿಸುತ್ತಾರೆ, ಹೆಸರು ಗುಟ್ಟಾಗಿರುತ್ತದೆ. ಸಣ್ಣ ಗುಂಪಿನಲ್ಲೂ ಇದು ಸಾಧ್ಯ. ‘ಇವತ್ತು ಲೆಗ್ ಲೂಪ್ ಹಾಕದೆ ನಿಂತಿದ್ದೆ, ಎಳೆದಾಗ ಗೊತ್ತಾಯ್ತು’ ಅಂತ ಒಬ್ಬರು ಹೇಳಿದರೆ ಆ ದಿನ ಉಳಿದ ಎಲ್ಲರೂ ಒಂದು ಸಲ ಜಾಸ್ತಿ ಎಳೆದು ನೋಡುತ್ತಾರೆ.

ಹೊಸ ಜಾಗ, ಹೊಸ ಗ್ಲೈಡರ್, ಹೊಸ ಹಾರ್ನೆಸ್ ಮೂರನ್ನೂ ಒಂದೇ ದಿನ ಇಟ್ಟುಕೊಳ್ಳಬೇಡಿ. ಒಂದು ಬದಲಾಗಲಿ, ಉಳಿದದ್ದು ಹಳೆಯದೇ ಇರಲಿ. ಏನಾದರೂ ಕೆಟ್ಟರೆ ಯಾವುದರಿಂದ ಅಂತ ಗೊತ್ತಾಗಬೇಕಲ್ಲ. ನನ್ನ ಪ್ರಕಾರ ಜಾಸ್ತಿ ಎಚ್ಚರ ಬೇಕಾಗಿರುವುದು ತೀರಾ ಹೊಸಬರಿಗೆ ಅಲ್ಲ, ಅವರಿಗೆ ಭಯ ಇರುತ್ತದೆ, ಪಕ್ಕದಲ್ಲಿ ಇನ್‌ಸ್ಟ್ರಕ್ಟರೂ ಇರುತ್ತಾರೆ. ಒಂದೆರಡು ಋತು ಹಾರಿ, ಭಯ ಹೋಗಿ, ಅನುಭವ ಇನ್ನೂ ಪೂರ್ತಿ ಬರದೆ ಇರುವವರ ಲಾಂಚ್ ನೋಡಿ. ಚೆಕ್ ಒಂದೊಂದಾಗಿ ಬಿಟ್ಟು ಹೋಗುವುದು ಅಲ್ಲೇ.

ಡೌನ್‌ಟ್ಯೂಬ್ ಬಗ್ಗಿದ್ದರೆ ನಾಚಿಕೆ ಪಡಬೇಡಿ, ಮೊದಲು ಬಗ್ಗಿ ಪೆಟ್ಟು ತಿನ್ನುವ ಭಾಗವೇ ಅದು. ಆದರೆ ಅದನ್ನು ತಟ್ಟಿ ನೆಟ್ಟಗೆ ಮಾಡಿ ಮತ್ತೆ ಹಾರಬೇಡಿ, ಬದಲಾಯಿಸಿ. ತಂತಿಗಳು, ತಂತಿ ಸೇರುವ ಕಡೆಯ ಬೋಲ್ಟ್, ಲೀಡಿಂಗ್ ಎಡ್ಜ್ (ರೆಕ್ಕೆಯ ಮುಂದಿನ ಅಂಚಿನ ಕೊಳವೆ), ಕೀಲ್ (ಮಧ್ಯದ ಉದ್ದ ಕೊಳವೆ) ಎಲ್ಲ ಬಟ್ಟೆಯ ಒಳಗೆ ಕೈ ಹಾಕಿ ಸವರಿ ನೋಡಿ, ಹೊರಗಿನಿಂದ ಕಾಣದ ಬಾಗು ಬೆರಳಿಗೆ ಸಿಗುತ್ತದೆ. ಆಮೇಲೆ ಸಣ್ಣ ಇಳಿಜಾರಿಗೆ ವಾಪಸ್ ಹೋಗಿ, ಗಾಳಿ ಹೆಚ್ಚು ಕಡಿಮೆ ಸತ್ತಿರುವ ಬೆಳಗಿನ ಹೊತ್ತು ಆರಿಸಿಕೊಳ್ಳಿ. ಎತ್ತರ ಬೇಡ, ಮೂರು ಮೀಟರ್ ಸಾಕು. ಗಾಳಿಯ ಸಹಾಯ ಇಲ್ಲದೆ ಅಲ್ಲಿ ಹತ್ತು ಸಲ ಓಡಿ ನೋಡಿ, ನಿಮ್ಮ ಓಟ ಎಷ್ಟರದು ಅಂತ ಬೇರೆ ಯಾರನ್ನೂ ಕೇಳಬೇಕಾಗುವುದಿಲ್ಲ.